ಆ ಚಪ್ಪಡಿ ಯಾರದು? ಫುಟ್‌ಪಾತಿನ ಹಣಕಾಸಿನ ಕಥೆ



ಬೆಂಗಳೂರಿನ ಶಂಕರಪುರಂ ಬಡಾವಣೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಶಂಕರಮಠ, ಅದರ ಸುತ್ತಮುತ್ತ ಹಳೆಯ ಮನೆಗಳು, ಆ ಮನೆಗಳ ಜಾಗದಲ್ಲಿ ಒಂದೊಂದಾಗಿ ಏಳುತ್ತಿರುವ ಅಪಾರ್ಟ್‌ಮೆಂಟುಗಳು, ಇಕ್ಕೆಲದಲ್ಲೂ ಮರಗಳು. ಅಲ್ಲಿಂದ ಹೊರಟು ವಾಣಿವಿಲಾಸ ರಸ್ತೆಯನ್ನು ದಾಟಿದರೆ ಗಾಂಧಿ ಬಜಾರು ದೂರವಿಲ್ಲ. ನನ್ನ ಸೋದರತ್ತೆ ಹೂವು, ವೀಳ್ಯದೆಲೆ, ತರಕಾರಿ ತರಲು ಈ ದಾರಿಯಲ್ಲಿ ನಲವತ್ತು ವರ್ಷ ನಡೆದವರು. ಆದರೆ ಅವರು ಫುಟ್‌ಪಾತಿನ ಮೇಲೆ ನಡೆದದ್ದನ್ನು ನಾನು ಕಂಡದ್ದು ಕಡಿಮೆ. ಏಕೆಂದು ಕೇಳಿದರೆ, "ಹತ್ತು, ಇಳಿ, ಹತ್ತು, ಇಳಿ. ಬಸ್ಕಿ ಹೊಡೆದ ಹಾಗಾಗತ್ತೆ ಕಣೋ. ರಸ್ತೇನೇ ವಾಸಿ" ಎನ್ನುತ್ತಿದ್ದರು.

ಒಂದು ದಿನ ಸಂಜೆ ವಾಹನಗಳು ಹೆಚ್ಚಾಗಿದ್ದುವೆಂದು ಅವರು ಫುಟ್‌ಪಾತನ್ನು ಹತ್ತಿದರು. ಮೋರಿಯ ಮೇಲಿನ ಚಪ್ಪಡಿಯೊಂದು ಒಡೆದು ಒಂದು ಮೂಲೆ ಕೆಳಗೆ ಕುಸಿದಿತ್ತು. ಕಾಲು ಸಿಕ್ಕಿಕೊಂಡಿತು, ಪಾದದ ಗಂಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು. ಮಂಚದ ಮೇಲೆ ಮಲಗಿ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಚಪ್ಪಡಿ ಯಾರದೋ?"

ನಾನು ವಿಚಾರಿಸಲು ಹೋದೆ. ಒಂದು ಕಚೇರಿಯಲ್ಲಿ, ಚಪ್ಪಡಿ ಇರುವುದು ಚರಂಡಿಯ ಮೇಲೆ, ಆದ್ದರಿಂದ ಚರಂಡಿಯ ವಿಭಾಗದವರನ್ನು ಕೇಳಿ ಎಂದರು. ಅಲ್ಲಿ, ಕೇಬಲ್ ಹಾಕಲು ಅಗೆದವರು ಒಡೆದಿರಬೇಕು, ಅವರನ್ನು ಕೇಳಿ ಎಂದರು. ಕೇಬಲ್ಲಿನವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಎದುರು ಮನೆಯವರು ತಮ್ಮ ಅಡಿಗೆ ಮನೆಗೆ ತಂದು ಮಿಕ್ಕಿದ್ದ ಒಂದು ಕಡಪ ಕಲ್ಲನ್ನು ಆ ತೂತಿನ ಮೇಲೆ ಮುಚ್ಚಿದರು. ಸರ್ಕಾರದ ಒಂದು ಪೈಸೆಯೂ ಖರ್ಚಾಗಲಿಲ್ಲ.

ಅತ್ತೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಪೌರಸಂಸ್ಥೆಯ ಆಯವ್ಯಯ, ರಾಜ್ಯದ ಅನುದಾನ, ಸಂವಿಧಾನದ ತಿದ್ದುಪಡಿ, ಗುತ್ತಿಗೆದಾರನ ಬಿಲ್ಲು ಎಲ್ಲವನ್ನೂ ಹಾದುಹೋಗಬೇಕಾಗುತ್ತದೆ. ಈ ಸಲದ ಮಾತುಕತೆಯಲ್ಲಿ ಆ ದಾರಿಯನ್ನೇ ಸ್ವಲ್ಪ ನಡೆದು ನೋಡೋಣ.

ಬೀದಿಯ ಯಜಮಾನರು

ಬೆಂಗಳೂರಿಗೆ ಪೌರಸಭೆ ಬಂದದ್ದು 1862ರಲ್ಲಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗಿನ ಹಾವಳಿಯ ನಂತರ ಜನ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಈ ಕಡೆಗೆ ಬಂದರು. ನೇರ ರಸ್ತೆಗಳು, ಮನೆಗಳ ಹಿಂದೆ ಸಫಾಯಿಗೆಂದು ಬಿಟ್ಟ ಓಣಿಗಳು, ಗಾಳಿ ಬೆಳಕಿಗೆ ಜಾಗ. ಆ ರಸ್ತೆಗಳ ಮೇಲೆ ಆಗ ಓಡಾಡುತ್ತಿದ್ದದ್ದು ಜನ, ಜಟಕಾ, ಎತ್ತಿನ ಗಾಡಿ, ಆಮೇಲೆ ಸೈಕಲ್ಲು. ಇಡೀ ಬೀದಿಯೇ ನಡೆಯುವವರದಾಗಿದ್ದುದರಿಂದ ಪ್ರತ್ಯೇಕ ಫುಟ್‌ಪಾತಿನ ಚಿಂತೆ ಯಾರಿಗೂ ಹೆಚ್ಚಾಗಿ ಇರಲಿಲ್ಲ. ಈಗ ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಬೀದಿ ಮಾತ್ರ ಅಷ್ಟೇ ಅಗಲ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ಹೊತ್ತಿನಲ್ಲಿ ಬುಲ್ ಟೆಂಪಲ್ ರಸ್ತೆಗೆ ಹೋಗಿ ನೋಡಿ. ವಾಹನ ಬಂದಾದಾಗ ಆ ರಸ್ತೆ ಎಷ್ಟು ಜನರನ್ನು ಹಿಡಿಸುತ್ತದೆ ಎಂಬುದು ಆಗ ಕಾಣುತ್ತದೆ.

ರಸ್ತೆ ಯಾರ ಹೊಣೆ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರೊಂದಿಗೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿಯಿದೆ. ನಾಲ್ಕನೆಯದು ರಸ್ತೆಗಳು ಮತ್ತು ಸೇತುವೆಗಳು. ಬೀದಿದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ ಮುಂತಾದ ಸೌಕರ್ಯಗಳು ಹದಿನೇಳನೆಯದು. ಪಟ್ಟಿಯಲ್ಲಿ ರಸ್ತೆ ಎಂದಿದೆ, ಫುಟ್‌ಪಾತ್ ಎಂದು ಬೇರೆಯಾಗಿ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನ್ಯಾಯಾಲಯಗಳು ಇನ್ನಷ್ಟು ಸ್ಪಷ್ಟವಾಗಿ ಮಾತಾಡಿವೆ. ರಸ್ತೆ ಮತ್ತು ಫುಟ್‌ಪಾತುಗಳು ಸುಸ್ಥಿತಿಯಲ್ಲಿರಬೇಕು ಎನ್ನುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಬೆಂಗಳೂರಿನ ರಸ್ತೆಗುಂಡಿಗಳ ಮೊಕದ್ದಮೆಯಲ್ಲಿ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಾದಚಾರಿಗಳಿಗೆ ತಕ್ಕ ಫುಟ್‌ಪಾತ್ ಇರುವುದು ಅದೇ ಹಕ್ಕಿನ ಭಾಗವೆಂದು ಎತ್ತಿಹಿಡಿದು, ಅವು ಅಂಗವಿಕಲರಿಗೂ ಬಳಸುವಂತಿರಬೇಕೆಂದು ಹೇಳಿತು. ಹೀಗೆ ಹಕ್ಕು ಇದೆ. ಆದರೆ ಹಕ್ಕಿನಿಂದ ಚಪ್ಪಡಿ ಬರುವುದಿಲ್ಲವಲ್ಲ. ಚಪ್ಪಡಿಗೆ ಹಣ ಬೇಕು.

ಹಣ ಬರುವ ದಾರಿಗಳು

ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಬೀರುವಿನಿಂದ ತೆಗೆಸಿ ಒಮ್ಮೆ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಬೇಕು. ನೀವು ಕೊಡುವ ಬಾಡಿಗೆಯಲ್ಲಿಯೇ ಆ ತೆರಿಗೆಯೂ ಅಡಗಿರುತ್ತದೆ. ಬೆಂಗಳೂರಿನಲ್ಲಿ ಮನೆಯವರೇ ಲೆಕ್ಕ ಹಾಕಿ ತೆರಿಗೆ ಕಟ್ಟುವ ಸ್ವಯಂಘೋಷಣೆ ಪದ್ಧತಿ ಬಂದದ್ದು 2000ದಲ್ಲಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ರಸೀದಿಯಲ್ಲಿ ತೆರಿಗೆಯ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಬೇರೆ ಬೇರೆ ಸಾಲುಗಳಿರುತ್ತಿದ್ದುವು. ಗ್ರಂಥಾಲಯಕ್ಕೆ ನೂರಕ್ಕೆ ಆರು, ಭಿಕ್ಷುಕರ ಪರಿಹಾರಕ್ಕೆ ನೂರಕ್ಕೆ ಮೂರು. ಓದುವ ಮನೆಗೆ ಹೆಸರಿಟ್ಟ ಹಣವಿದೆ, ನಡೆಯುವ ದಾರಿಗೆ ಹಾಗೆ ಹೆಸರಿಟ್ಟ ಹಣವಿಲ್ಲ. ಅದು ಒಟ್ಟು ಗಂಟಿನಲ್ಲಿ ಪಾಲು ಕೇಳಬೇಕು.

ಆಸ್ತಿ ತೆರಿಗೆಯೇ ನಗರಸಂಸ್ಥೆಯ ಸ್ವಂತ ಆದಾಯದಲ್ಲಿ ದೊಡ್ಡದು. ಹಿಂದೆ ಊರಿನೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಸುಂಕವೂ ಇತ್ತು. ಕರ್ನಾಟಕದಲ್ಲಿ ಅದು 1979ರಲ್ಲಿ ಹೋಯಿತು. ಆಮೇಲೆ ಪೌರಸಂಸ್ಥೆಗಳು ರಾಜ್ಯ ಸರ್ಕಾರದ ಅನುದಾನದ ಕಡೆ ಕೈಚಾಚುವುದು ಹೆಚ್ಚಾಯಿತು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ರಸ್ತೆಯನ್ನು ಹೆಚ್ಚಾಗಿ ಸವೆಸುವುದು ವಾಹನ. ವಾಹನದ ತೆರಿಗೆ ಹೋಗುವುದು ರಾಜ್ಯದ ಬೊಕ್ಕಸಕ್ಕೆ, ಪೆಟ್ರೋಲಿನ ಮೇಲಿನ ತೆರಿಗೆ ರಾಜ್ಯ ಕೇಂದ್ರಗಳೆರಡಕ್ಕೂ. ಬಡಾವಣೆಯ ರಸ್ತೆಯ ರಿಪೇರಿ ಮಾತ್ರ ನಗರಸಂಸ್ಥೆಯ ತಲೆಯ ಮೇಲೆ.

ರಾಜ್ಯ ಸರ್ಕಾರದ ಹಣ ನಗರೋತ್ಥಾನದಂತಹ ಯೋಜನೆಗಳ ಮೂಲಕ ಬರುತ್ತದೆ. ಕೇಂದ್ರದ ಹಣ 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯ ಮೂಲಕ, ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯ ಮೂಲಕ ಬಂತು. ಹಣಕಾಸು ಆಯೋಗವೂ ಕೊಡುತ್ತದೆ. ಹದಿನೈದನೆಯ ಹಣಕಾಸು ಆಯೋಗವು ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಗೆ ಕೊಟ್ಟ ಹಣದಲ್ಲಿ ಮೂರನೆಯ ಒಂದು ಪಾಲನ್ನು ಗಾಳಿಯ ಗುಣಮಟ್ಟ ಸುಧಾರಿಸಲೆಂದೇ ಕಟ್ಟಿಟ್ಟಿತು. ರಸ್ತೆಯಂಚಿನ ಮಣ್ಣಿನ ಧೂಳೂ ಗಾಳಿಯನ್ನು ಕೆಡಿಸುತ್ತದೆ ತಾನೇ? ಆದ್ದರಿಂದ ಅಂಚಿಗೆ ಕಲ್ಲು ಹಾಸುವುದೂ ಗಾಳಿಯ ಶುದ್ಧಿಯ ಕೆಲಸವೆನಿಸಬಹುದು. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ, ಕರ್ನಾಟಕದ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿದೆ. ಅವರು ಶಿಫಾರಸು ಮಾಡುತ್ತಾರೆ, ಕೆಲಸ ಮಾಡಿಸುವುದು ಸರ್ಕಾರದ ಏಜೆನ್ಸಿ.

ಹೀಗೆ ಹಣಕ್ಕೆ ಬಾಗಿಲುಗಳು ಹಲವು ಇವೆ. ಆದರೆ ಒಂದೊಂದು ಬಾಗಿಲಿನಿಂದ ಬರುವ ರೂಪಾಯಿಯ ಕೊರಳಿಗೂ ಒಂದು ಚೀಟಿ ಕಟ್ಟಿರುತ್ತದೆ. ಇದು ಹೊಸ ಕಾಮಗಾರಿಗೆ, ಇದು ಗಾಳಿಗೆ, ಇದು ಇಂಥ ವರ್ಷದೊಳಗೆ ಖರ್ಚಾಗಬೇಕಾದದ್ದು ಎಂದು. ಒಡೆದ ಒಂದು ಚಪ್ಪಡಿಯನ್ನು ನಾಳೆ ಬೆಳಿಗ್ಗೆ ಬದಲಿಸಲು ಎಂಬ ಚೀಟಿ ಅಪರೂಪ. ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಒಂದು ಕಾಮಗಾರಿಯ ಜಾತಕ

ಉಳಿದ ಅರ್ಧ ತಿಳಿಯಬೇಕಾದರೆ ಒಂದು ಕಾಮಗಾರಿ ಹುಟ್ಟಿ ಮುಗಿಯುವವರೆಗೆ ಅದರ ಹಿಂದೆ ಹೋಗಬೇಕು. ಮೊದಲು ಕೆಲಸಕ್ಕೆ ಒಂದು ಹೆಸರು ಬೇಕು. "ಇಂಥ ವಾರ್ಡಿನ ಇಂಥ ಅಡ್ಡರಸ್ತೆಯ ಅಭಿವೃದ್ಧಿ" ಎಂದಿರುತ್ತದೆ. ಇಂಜಿನಿಯರು ಅಂದಾಜುಪಟ್ಟಿ ತಯಾರಿಸುತ್ತಾರೆ. ಅದರಲ್ಲಿ ಅಗೆತ, ಜಲ್ಲಿ, ಡಾಂಬರು, ಅಂಚುಗಲ್ಲು, ಚಪ್ಪಡಿ ಎಂದು ಬಾಬ್ತುಗಳು. ಒಂದೊಂದಕ್ಕೂ ಸರ್ಕಾರಿ ದರಪಟ್ಟಿಯ ದರ. ಮಂಜೂರಾತಿಯಾದ ಮೇಲೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ ಟೆಂಡರು. ಬೆಂಗಳೂರು ಪಾಲಿಕೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಜಾಬ್ ಸಂಖ್ಯೆ ಇರುತ್ತಿತ್ತು: ಮೊದಲು ವಾರ್ಡಿನ ಅಂಕಿ, ನಂತರ ವರ್ಷ, ಕೊನೆಗೆ ಕ್ರಮಸಂಖ್ಯೆ. ಕೆಲಸ ನಡೆದಂತೆ ಇಂಜಿನಿಯರು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಗುತ್ತಿಗೆದಾರರು ಬಿಲ್ಲು ಸಲ್ಲಿಸುತ್ತಾರೆ. ಮುಗಿದ ಮೇಲೂ ಒಂದು ಗೊತ್ತಾದ ಅವಧಿಯವರೆಗೆ ಕೆಲಸ ಕೆಟ್ಟರೆ ಸ್ವಂತ ಖರ್ಚಿನಲ್ಲಿ ಸರಿಪಡಿಸುವುದು ಗುತ್ತಿಗೆದಾರರ ಹೊಣೆ. ಇದನ್ನು ದೋಷ ಹೊಣೆಗಾರಿಕೆಯ ಅವಧಿ ಎನ್ನುತ್ತಾರೆ.

ಈ ಜಾತಕದಲ್ಲಿ ಫುಟ್‌ಪಾತ್ ಎಲ್ಲಿದೆ? ಅಂದಾಜುಪಟ್ಟಿಯ ಕೊನೆಯಲ್ಲಿ. ಕೆಲಸದ ಹೆಸರು ರಸ್ತೆ, ಹೆಚ್ಚಿನ ಹಣ ಡಾಂಬರಿಗೆ. ಅನುಸೂಚಿಯಲ್ಲಿ ರಸ್ತೆ ಎಂದು ಮಾತ್ರ ಇದೆ ಎಂದೆನಲ್ಲ, ಅದೇ ಅಭ್ಯಾಸ ಕೆಳಗಿನ ಕಡತದವರೆಗೂ ಇಳಿದು ಬಂದಿದೆ. ಡಾಂಬರು ಮೇಲೆ ಮೇಲೆ ಬಿದ್ದು ರಸ್ತೆ ಎತ್ತರವಾದರೆ ನೀರು ಮನೆಗೆ ನುಗ್ಗದಿರಲೆಂದು ಅಂಚುಗಲ್ಲನ್ನೂ ಎತ್ತರಿಸುತ್ತಾರೆ. ಪ್ರತಿ ಗೇಟಿನ ಮುಂದೆ ಕಾರು ಇಳಿಯಲು ಇಳಿಜಾರು ಕಡಿಯುತ್ತಾರೆ. ಅತ್ತೆ ಬಸ್ಕಿ ಎಂದದ್ದು ಇದನ್ನೇ.

ಅಳತೆ ಪುಸ್ತಕದ್ದೂ ಒಂದು ತಮಾಷೆಯಿದೆ. ಅದು ಹಾಸಿದ ಕಲ್ಲಿನ ಚದರ ಮೀಟರನ್ನು ಅಳೆಯುತ್ತದೆ. ಆ ಕಲ್ಲಿನ ನಡುವೆ ಟ್ರಾನ್ಸ್‌ಫಾರ್ಮರ್ ನಿಂತಿದ್ದರೂ, ಅಂಗಡಿಯ ಬೋರ್ಡು ಅಡ್ಡವಿದ್ದರೂ ಅಳತೆ ಸರಿಯಾಗಿಯೇ ಬರುತ್ತದೆ, ಬಿಲ್ಲೂ ಸರಿಯಾಗಿಯೇ ಆಗುತ್ತದೆ. ನಡೆಯಲು ಆಗುತ್ತದೆಯೇ ಎಂಬ ಕಾಲಂ ಅದರಲ್ಲಿಲ್ಲ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಹಣಕ್ಕಿಂತ ಹೆಚ್ಚಾಗಿ ಇದೇ.

ನಡೆಯಲು ಆಗುವ ಫುಟ್‌ಪಾತ್ ಎಂದರೆ ಏನೆಂಬುದಕ್ಕೆ ಮಾನದಂಡವಿಲ್ಲವೇ? ಇದೆ. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಬರೆಯುತ್ತದೆ. ಪಾದಚಾರಿ ಸೌಕರ್ಯಗಳ ಬಗ್ಗೆ ಅದರ 103ನೆಯ ಸಂಹಿತೆ 2012ರಲ್ಲಿ ಪರಿಷ್ಕೃತವಾಯಿತು. ಅದರಂತೆ ವಸತಿ ಬೀದಿಯಲ್ಲೂ ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಬೇಕು. ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. 1.8 ಮೀಟರ್ ಏಕೆ ಗೊತ್ತೇ? ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಿ ಹೋಗಬೇಕು. ಹದಿನೈದು ಸೆಂಟಿಮೀಟರ್ ಎಂದರೆ ನಿಮ್ಮ ಕಂಪಾಸು ಪೆಟ್ಟಿಗೆಯ ಸ್ಕೇಲಿನಷ್ಟು.

ದೊಡ್ಡ ಹಣದ ಬೀದಿಗಳು

ಬೆಂಗಳೂರಿನಲ್ಲಿ ಒಳ್ಳೆಯ ಫುಟ್‌ಪಾತುಗಳೇ ಇಲ್ಲವೆನ್ನುವುದು ತಪ್ಪಾದೀತು. ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ ಮಲ್ಯ ರಸ್ತೆ ಮುಂತಾದುವು 2010ರ ದಶಕದ ಮಧ್ಯದಲ್ಲಿ ಹೊಸದಾದುವು. ಆ ಯೋಜನೆಯ ತಿರುಳು ನೆಲದ ಕೆಳಗಿದೆ. ನೀರು, ಒಳಚರಂಡಿ, ವಿದ್ಯುತ್ತು, ಟೆಲಿಫೋನು ಕೇಬಲ್ಲುಗಳಿಗೆ ಫುಟ್‌ಪಾತಿನ ಅಡಿಯಲ್ಲಿ ಗೊತ್ತಾದ ಜಾಗ. ಮತ್ತೆ ಮತ್ತೆ ರಸ್ತೆ ಅಗೆಯುವುದು ತಪ್ಪಲಿ ಎಂದು. ಮೇಲೆ ವಾಹನಗಳ ದಾರಿಯ ಅಗಲವನ್ನು ಒಂದೇ ಸಮನಾಗಿಟ್ಟು ಮಿಕ್ಕದ್ದನ್ನು ನಡೆಯುವವರಿಗೆ ಕೊಟ್ಟರು. ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸ ಕಲ್ಲುಹಾಸಿನೊಂದಿಗೆ ತೆರೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಲ್ಲಿಸಿ, ಬೀದಿಯನ್ನು ಜನರಿಗೆ ಬಿಟ್ಟು, ಭಾರತೀಯ ವಿಜ್ಞಾನ ಸಂಸ್ಥೆಯವರ ನೆರವಿನಿಂದ ಗಾಳಿಯನ್ನು ಅಳೆದು ನೋಡಿದರು.

ಇಂಥ ಬೀದಿಗೆ ಕಿಲೋಮೀಟರಿಗೆ ಕೋಟಿಗಟ್ಟಲೆ ಬೇಕು. ಆದ್ದರಿಂದ ಅವು ನಗರದ ನಡುವಿನ ಹೆಸರುವಾಸಿ ರಸ್ತೆಗಳಿಗೆ ಮೊದಲು ಬಂದುವು. ಶಂಕರಪುರದ ಅಡ್ಡರಸ್ತೆಗೆ ಆ ಸರದಿ ಯಾವಾಗ ಬಂದೀತು?

ಪಕ್ಕದ ಗಾಂಧಿ ಬಜಾರಿಗಂತೂ ಬಂತು. ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ 2022ರ ಕೊನೆಯಲ್ಲಿ ಅಲ್ಲಿ ಕೆಲಸ ಶುರುವಾಯಿತು. ಮುಖ್ಯ ಬೀದಿಯನ್ನು ನಡೆಯುವವರ ಬೀದಿಯಾಗಿಸುವುದು, ಬೀದಿ ವ್ಯಾಪಾರಿಗಳಿಗೆ ಅಲ್ಲಿಯೇ ಜಾಗ ಕಟ್ಟಿಕೊಡುವುದು ಉದ್ದೇಶ. ಕೇಳಲು ಎಷ್ಟು ಚೆನ್ನ! ಆದರೆ ಅಗೆದ ಬೀದಿಯಲ್ಲಿ ತಿಂಗಳುಗಟ್ಟಲೆ ವ್ಯಾಪಾರವಿಲ್ಲದೆ ಅಂಗಡಿಯವರು ಕಷ್ಟಪಟ್ಟರು. ಹೂವಿನವರು, ಸೊಪ್ಪಿನವರು ಜಾಗ ಬದಲಿಸಬೇಕಾಯಿತು. ಕಾರಿನಲ್ಲಿ ಬರುವ ಗಿರಾಕಿಗಳು ಎಲ್ಲಿ ನಿಲ್ಲಿಸಬೇಕೆಂಬ ವಾದ ಎದ್ದಿತು. ಮರಗಳ ಬೇರಿಗೆ ಪೆಟ್ಟಾಗುತ್ತದೆಂದು ನಿವಾಸಿಗಳು ಆಕ್ಷೇಪಿಸಿದರು. ವಾಹನವನ್ನು ಪೂರ್ತಿ ಬಿಡಬಾರದೆಂದು ಒಬ್ಬರು, ಬಿಡಲೇಬೇಕೆಂದು ಇನ್ನೊಬ್ಬರು. ಸಾಲದೆಂಬಂತೆ 2023ರಲ್ಲಿ ಹತ್ತಿರದ ವಿಶ್ವೇಶ್ವರಪುರದ ತಿಂಡಿ ಬೀದಿಯನ್ನೂ ಅಗೆದು ನವೀಕರಿಸಿದರು, ಅಲ್ಲಿಯೂ ಇದೇ ಬಗೆಯ ಜಗಳ.

ಈ ಜಗಳಗಳನ್ನು ನೋಡಿ ಯೋಜನೆಯೇ ಬೇಡವಾಗಿತ್ತು ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಅಗಲವಾದ ಸಮತಟ್ಟು ನೆಲ ಮುದುಕರಿಗೆ ಎಂಥ ಉಪಕಾರವೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಆದರೆ ಒಂದು ಬೀದಿಗೆ ಒಂದೇ ಸಲ ದೊಡ್ಡ ಮೊತ್ತ ಬಂದಾಗ, ಖರ್ಚಿನ ನಿರ್ಧಾರವೆಲ್ಲ ನಕ್ಷೆಯ ಹಂತದಲ್ಲಿಯೇ ಮುಗಿದಿರುತ್ತದೆ. ಹೂವಿನವರ ಬುಟ್ಟಿಗೆ ಎಷ್ಟು ಜಾಗ, ಲಾರಿ ಸರಕಿಳಿಸುವುದು ಎಷ್ಟು ಗಂಟೆಗೆ ಎಂದು ಕೇಳಬೇಕಾದದ್ದು ಆ ಹಂತದಲ್ಲಿ. ಗುದ್ದಲಿ ಬಿದ್ದ ಮೇಲೆ ಕೇಳಿದರೆ ಅದು ಜಗಳವಾಗುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ವ್ಯಾಪಾರಿಗಳ ಪ್ರತಿನಿಧಿಗಳಿರುವ ಪಟ್ಟಣ ವ್ಯಾಪಾರ ಸಮಿತಿಯನ್ನು ಕಡ್ಡಾಯ ಮಾಡಿರುವುದೂ ಇಂಥ ಮಾತು ಮೊದಲೇ ಆಗಲೆಂದು.

ಸೈಕಲ್ಲಿನವರ ಪಾಡು

ಸೈಕಲ್ ಓಣಿಗಳ ಕಥೆ ಚಿಕ್ಕದು, ಸ್ವಲ್ಪ ಕಹಿ. 2010ರ ದಶಕದ ಆರಂಭದಲ್ಲಿ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಕಾರುಗಳು ಅದರ ಮೇಲೆ ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ತಾತ್ಕಾಲಿಕ ಸೈಕಲ್ ಓಣಿ ಮಾಡಿದಾಗ ಉತ್ಸಾಹವಿತ್ತು. ಅದೂ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಸೈಕಲ್ ಸವಾರಿಗೆ ಉತ್ತೇಜನ ಕೊಡಲು ನಗರಗಳ ನಡುವೆ ಒಂದು ಸ್ಪರ್ಧೆ ನಡೆಸಿತು. 2021ರಲ್ಲಿ ಆಯ್ಕೆಯಾದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದು. ಬಹುಮಾನ ಒಂದು ಕೋಟಿ ರೂಪಾಯಿ.

ಮೈಸೂರಿನ ಟ್ರಿಣ್ ಟ್ರಿಣ್ ಬೇರೆ ರೀತಿ ನಡೆಯಿತು. 2017ರ ಜೂನಿನಲ್ಲಿ ಆರಂಭವಾದ ಈ ಸಾರ್ವಜನಿಕ ಸೈಕಲ್ ಸೇವೆಗೆ ಜಾಗತಿಕ ಪರಿಸರ ನಿಧಿಯ ನೆರವಿತ್ತು. ಸುಮಾರು 450 ಸೈಕಲ್ಲುಗಳು, 48 ನಿಲ್ದಾಣಗಳು. ಸೈಕಲ್ ಕೆಟ್ಟರೆ ರಿಪೇರಿ ಮಾಡುವವರು, ಒಂದು ನಿಲ್ದಾಣದಲ್ಲಿ ಖಾಲಿಯಾದರೆ ಇನ್ನೊಂದರಿಂದ ತಂದಿಡುವವರು, ಇವರ ಖರ್ಚು ಯೋಜನೆಯ ಲೆಕ್ಕದಲ್ಲಿಯೇ ಇತ್ತು. ಜಯನಗರದ ಪಥಕ್ಕೆ ಮಾಡುವ ಖರ್ಚು ಇತ್ತು, ದಿನವೂ ಕಾಯುವ ಖರ್ಚು ಇರಲಿಲ್ಲ.

ಸಣ್ಣ ಹಣ ಕೇಳಿದವರು

ಒಂದು ಸುಲಭ ಲೆಕ್ಕ ಹಾಕಿ. ನಿಮ್ಮ ಬೀದಿ 100 ಮೀಟರ್ ಉದ್ದ, ಫುಟ್‌ಪಾತ್ 1.8 ಮೀಟರ್ ಅಗಲ. ಒಂದು ಬದಿಗೆ 180 ಚದರ ಮೀಟರ್, ಎರಡೂ ಬದಿಗೆ 360. ಚದರ ಮೀಟರಿಗೆ ಎರಡು ಸಾವಿರ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 7 ಲಕ್ಷ 20 ಸಾವಿರ. ಆದರೆ ನಿಮ್ಮ ಬೀದಿಯಲ್ಲಿ ಎಲ್ಲವೂ ಕೆಟ್ಟಿರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಕೆಟ್ಟಿದ್ದರೆ ಎಪ್ಪತ್ತೆರಡು ಸಾವಿರಕ್ಕೆ ಕೆಲಸವಾಗುತ್ತದೆ. ಇಷ್ಟು ಸಣ್ಣ ಮೊತ್ತ ದೊಡ್ಡ ಯೋಜನೆಯ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಬಲ್ಲವರು ಆ ಬೀದಿಯಲ್ಲಿ ನಡೆಯುವವರು.

ಈ ಯೋಚನೆ ಹೊಸದೇನಲ್ಲ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಯ ಜನ ಸಭೆ ಸೇರಿ, ನಗರದ ಹಣದ ಒಂದು ಪಾಲನ್ನು ಯಾವ ಬೀದಿಗೆ, ಯಾವ ಚರಂಡಿಗೆ ಹಾಕಬೇಕೆಂದು ತಾವೇ ತೀರ್ಮಾನಿಸತೊಡಗಿದರು. ಬೆಂಗಳೂರಿನಲ್ಲಿ 2001ರ ಡಿಸೆಂಬರಿನಲ್ಲಿ ಜನಾಗ್ರಹ ಸಂಸ್ಥೆ ವಾರ್ಡ್ ಕಾಮಗಾರಿಗಳ ಆಂದೋಲನ ನಡೆಸಿತು. ನೆರೆಹೊರೆಯವರು ತಮ್ಮ ವಾರ್ಡಿನ ಕೆಲಸಗಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಕ್ರಮ ಹಚ್ಚಿ ಪಾಲಿಕೆಯ ಸದಸ್ಯರಿಗೆ ಕೊಟ್ಟರು. ಪುಣೆಯಲ್ಲಿ 2006ರಿಂದ ನಾಗರಿಕರು ಅರ್ಜಿ ತುಂಬಿ, 5 ಲಕ್ಷ ರೂಪಾಯಿ ಮೀರದ ಕೆಲಸಗಳನ್ನು ನಗರದ ಆಯವ್ಯಯಕ್ಕೆ ಸೂಚಿಸಬಹುದು. ಬೆಂಚು, ಬೀದಿದೀಪ, ಫುಟ್‌ಪಾತ್ ರಿಪೇರಿ ಇಂಥವು. ಚೆನ್ನೈ ಇನ್ನೊಂದು ದಾರಿ ಹಿಡಿಯಿತು: 2014ರಲ್ಲಿ ಸ್ವೀಕರಿಸಿದ ನೀತಿಯಲ್ಲಿ, ಪಾಲಿಕೆಯ ಸಾರಿಗೆ ಹಣದಲ್ಲಿ ಕನಿಷ್ಠ ನೂರಕ್ಕೆ ಅರವತ್ತು ನಡೆಯುವವರಿಗೂ ಸೈಕಲ್ಲಿಗೂ ಎಂದು ಬರೆದುಕೊಂಡಿತು. ಇಂಗ್ಲೆಂಡಿನಲ್ಲಿ 2022ರಲ್ಲಿ ಸ್ಥಾಪನೆಯಾದ ಆ್ಯಕ್ಟಿವ್ ಟ್ರಾವೆಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ ಸ್ಥಳೀಯ ಸಂಸ್ಥೆಗಳ ನಡಿಗೆ, ಸೈಕಲ್ ಯೋಜನೆಗಳನ್ನು ಮಾನದಂಡದ ಮೇಲೆ ಪರೀಕ್ಷಿಸುತ್ತದೆ. ಅಂದರೆ ಅಳತೆ ಪುಸ್ತಕದಲ್ಲಿ ಇಲ್ಲದ ಆ ಕಾಲಂ ಅಲ್ಲಿದೆ.

ನಮ್ಮಲ್ಲಿ ಈ ಮಾತು ಆಡಬೇಕಾದ ಜಾಗ ವಾರ್ಡ್ ಸಮಿತಿ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಅದು ಇರಲೇಬೇಕೆಂದು 74ನೆಯ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಒತ್ತಾಯದ ಮೇಲೆ ಅವು ರೂಪುಗೊಂಡು ತಿಂಗಳಿಗೊಮ್ಮೆ ಸೇರತೊಡಗಿದ ಸ್ವಲ್ಪ ಕಾಲಕ್ಕೇ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಳ ಕಾಲ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಗರವಿತ್ತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದುವು. ಹೊಸ ಕಾಯಿದೆಯಲ್ಲೂ ವಾರ್ಡ್ ಸಮಿತಿಗೆ ಸ್ಥಾನವಿದೆ.

ನೀವೇ ಮಾಡಿ ನೋಡಬಹುದಾದದ್ದು

ನಿಮ್ಮ ಶಾಲೆ ಅಥವಾ ಕಾಲೇಜಿನಿಂದ ಬಸ್ ನಿಲ್ದಾಣಕ್ಕೋ ಮೆಟ್ರೋ ನಿಲ್ದಾಣಕ್ಕೋ ಇರುವ ದಾರಿಯನ್ನು ಆರಿಸಿಕೊಳ್ಳಿ. 2017ರಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣ ತೆರೆದ ಮೇಲೆ ಬಸವನಗುಡಿಯ ಎಷ್ಟೋ ಮಕ್ಕಳ ದಾರಿ ಇಂಥದ್ದು. ಟೇಪು, ಸ್ಕೇಲು, ನೋಟ್‌ಪುಸ್ತಕ ಸಾಕು. ನಾಲ್ಕು ಜನ ಒಟ್ಟಿಗೆ ಹೋಗಿ, ಒಬ್ಬರು ವಾಹನ ನೋಡಿಕೊಳ್ಳಲಿ. ಹತ್ತು ಹತ್ತು ಮೀಟರಿಗೆ ಅಗಲ ಎಷ್ಟು, ಅಂಚುಗಲ್ಲು ಸ್ಕೇಲಿಗಿಂತ ಎತ್ತರವೇ, ಎಷ್ಟು ಕಡೆ ಕೆಳಗಿಳಿಯಬೇಕಾಯಿತು, ಒಡೆದ ಚಪ್ಪಡಿ ಯಾವ ಮನೆಯ ನಂಬರಿನ ಮುಂದೆ, ಎಂದು ಬರೆದುಕೊಳ್ಳಿ. "ಫುಟ್‌ಪಾತ್ ಸರಿಯಿಲ್ಲ" ಎಂಬ ದೂರನ್ನು ಯಾರೂ ಅಂದಾಜುಪಟ್ಟಿಗೆ ಸೇರಿಸಲಾರರು. "ಇಂಥ ರಸ್ತೆಯಲ್ಲಿ 14 ಚಪ್ಪಡಿ, 22 ಮೀಟರ್ ಅಂಚುಗಲ್ಲು" ಎಂದು ಕೊಟ್ಟರೆ ಇಂಜಿನಿಯರರ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತೆ.

ಆ ರಸ್ತೆಯಲ್ಲಿ ಈಚೆಗೆ ಕೆಲಸ ನಡೆದಿದ್ದರೆ ಅದರ ಜಾಬ್ ಸಂಖ್ಯೆ, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕ ಇವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಮನೆಯ ದೊಡ್ಡವರಿಂದ ಕೇಳಿಸಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವವರಿಗೆ ಇದು ಕಷ್ಟ, ಆದರೂ ಅಭ್ಯಾಸ ಮಾಡಿಕೊಳ್ಳಿ. ಅವಧಿ ಇನ್ನೂ ಉಳಿದಿದ್ದರೆ ಚಪ್ಪಡಿ ಬದಲಿಸಲು ಹೊಸ ಹಣವೇ ಬೇಕಿಲ್ಲ, ಗುತ್ತಿಗೆದಾರರನ್ನು ಕರೆಸಿದರೆ ಸಾಕು.

ಪಟ್ಟಿಯನ್ನು ಕೊಡುವ ಕಾಲವೂ ಮುಖ್ಯ. ನಗರದ ಆಯವ್ಯಯ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಕ್ಕೆ ಆಗುವುದರಿಂದ ಅದರ ತಯಾರಿ ಚಳಿಗಾಲದಲ್ಲಿಯೇ ನಡೆದಿರುತ್ತದೆ. ದೀಪಾವಳಿಯ ರಜೆಯಲ್ಲಿ ಅಳತೆ ಮಾಡಿ, ಸಂಕ್ರಾಂತಿಯೊಳಗೆ ಪಟ್ಟಿಯನ್ನು ವಾರ್ಡಿನ ಇಂಜಿನಿಯರರ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಮ್ಮ ಅತ್ತೆ ಈಗ ಕೋಲು ಹಿಡಿದು ನಡೆಯುತ್ತಾರೆ, ರಸ್ತೆಯ ಅಂಚಿನಲ್ಲಿಯೇ. ಎದುರು ಮನೆಯವರ ಕಡಪ ಕಲ್ಲು ಇನ್ನೂ ಅಲ್ಲಿದೆ. ಪಾಲಿಷ್ ಮಾಡಿದ ಮೈ ಮೇಲಾಗಿರುವುದರಿಂದ ಮಳೆ ಬಂದಾಗ ಜಾರುತ್ತದೆ. ನಾನು ಆ ಬೀದಿಯ ಪಟ್ಟಿಯಲ್ಲಿ ಅದನ್ನೂ ಬರೆದಿದ್ದೇನೆ, ಒಂಬತ್ತನೆಯ ಚಪ್ಪಡಿ ಎಂದು.